ಇಂಗ್ಲೆಂಡಿನ ತೋಟದ ಮನೆಯಲ್ಲಿ ಅಮ್ಮನ ಕಳೆಗುದ್ದಲಿ

ಇಂಗ್ಲೆಂಡಿಗೆ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವ ನಮ್ಮ ಹುಡುಗ-ಹುಡುಗಿಯರ ಪ್ರವಾಸಪಟ್ಟಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಅರಮನೆ ಮುಂದೆ ಒಂದು ಫೋಟೊ, ಟವರ್ ಬ್ರಿಡ್ಜ್, ಸ್ಟೋನ್‌ಹೆಂಜ್, ಬಸ್ಸಿನಲ್ಲಿ ಮೂರು ದಿನ ಸ್ಕಾಟ್ಲೆಂಡ್. ಆಮೇಲೆ ಉಳಿದ ಐದು ತಿಂಗಳು ಫ್ಲ್ಯಾಟಿನ ಕಿಟಕಿ. ವಿಸಿಟರ್ ವೀಸಾದಲ್ಲಿ ಒಮ್ಮೆಗೆ ಆರು ತಿಂಗಳವರೆಗೆ ಇರಬಹುದು ಅಂತ ನಾವು ಖುಷಿಯಿಂದ ಟಿಕೆಟ್ ಮಾಡಿಸ್ತೀವಿ. ಆ ಆರು ತಿಂಗಳನ್ನು ಅವರು ಹೇಗೆ ಕಳೀತಾರೆ ಅನ್ನೋದರ ಬಗ್ಗೆ ಅಷ್ಟು ಯೋಚನೆ ಮಾಡೋದಿಲ್ಲ. ನಮಗೆ ಆಫೀಸು, ಮೀಟಿಂಗು. ಅವರಿಗೆ ಟೀವಿ, ಮೊಬೈಲು, ನಾಲ್ಕು ಗಂಟೆಗೆ ಕಾಫಿ.

ನಮ್ಮಮ್ಮ ಅರಸೀಕೆರೆ ಕಡೆಯವರು. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ತೆಂಗಿನ ತೋಟವನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಏಪ್ರಿಲ್‌ನಲ್ಲಿ ಲಂಡನ್ನಿಗೆ ಬಂದರು. ಮೂರನೇ ವಾರಕ್ಕೆಲ್ಲ ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕೋದಕ್ಕೆ ಶುರು ಮಾಡಿದ್ದರು. ದೂರೇನೂ ಇಲ್ಲ, ಬೇಜಾರು ಅಂತ ಬಾಯಿಬಿಟ್ಟು ಹೇಳಿದ್ದೂ ಇಲ್ಲ. ಸುಮ್ಮನೆ ಒಂದೊಂದು ಗೀಟು.

ಅದಕ್ಕೇ ಈ ಲೇಖನ ದೊಡ್ಡ ಪ್ರವಾಸದ ಬಗ್ಗೆ ಅಲ್ಲ. ಲಂಡನ್ನಿನಿಂದ ಆಗ್ನೇಯಕ್ಕೆ, ಕೆಂಟ್ ಮತ್ತು ಈಸ್ಟ್ ಸಸೆಕ್ಸ್ ಸೇರುವ ಕಡೆ, ರೈ ಎಂಬ ಪುಟ್ಟ ಊರಿನ ಹತ್ತಿರದ ಒಂದು ಗೆಸ್ಟ್ ಹೌಸಿನ ಬಗ್ಗೆ. ಮನೆಯೊಡತಿಗೆ ಎಪ್ಪತ್ತಾರು. ಹೆಸರು, ಊರು ಹಾಕಬೇಡ ಅಂದಿದ್ದಾರೆ. ಇರೋದೇ ಮೂರು ಕೋಣೆ, ಜನ ಜಾಸ್ತಿ ಬಂದರೆ ತೋಟ ನೋಡಿಕೊಳ್ಳೋದಕ್ಕೆ ಆಗಲ್ಲವಂತೆ. ಹಾಗಾಗಿ ಮನೆಯೊಡತಿ ಅಂತಲೇ ಕರೆಯುತ್ತೇನೆ.

ಹೋಗೋದು ಸುಲಭ. ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಆ್ಯಶ್‌ಫರ್ಡ್‌ವರೆಗೆ ವೇಗದ ರೈಲು ನಲವತ್ತು ನಿಮಿಷದೊಳಗೆ ತಲುಪಿಸುತ್ತೆ. ಅಲ್ಲಿಂದ ಪುಟಾಣಿ ಡೀಸೆಲ್ ರೈಲು. ಕಿಟಕಿಯಾಚೆ ರೋಮ್ನಿ ಮಾರ್ಶ್ ಎಂಬ ಚಪ್ಪಟೆ ಜೌಗುನೆಲ, ಅದರ ತುಂಬ ಕುರಿ. ಒಂದು ಕಾಲಕ್ಕೆ ಇಲ್ಲೆಲ್ಲ ಸಮುದ್ರವಿತ್ತು. ರೈ ಆಗ ಬಂದರು. ಈಗ ಸಮುದ್ರ ಸುಮಾರು ಎರಡು ಮೈಲಿ ಹಿಂದೆ ಸರಿದಿದೆ, ಊರು ಗುಡ್ಡದ ಮೇಲೆ ಸುಮ್ಮನೆ ಕೂತಿದೆ.

ಈ ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್ ಮನೆಗಳ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಹೋಟೆಲ್ ಅಲ್ಲ, ಒಬ್ಬರ ಮನೆ. ಕೋಣೆಯಲ್ಲಿ ಕೆಟಲ್ಲು, ಟೀ ಪುಡಿಯ ಚೀಲಗಳು, ಎರಡು ಬಿಸ್ಕತ್ತು ಇಟ್ಟಿರುತ್ತಾರೆ. ತಿಂಡಿ ಎಷ್ಟು ಹೊತ್ತಿಗೆ ಅಂತ ಹಿಂದಿನ ರಾತ್ರಿಯೇ ಹೇಳಬೇಕು. ಸಸ್ಯಾಹಾರಿ, ಮೊಟ್ಟೆಯೂ ಬೇಡ ಅಂತ ಬುಕ್ ಮಾಡುವಾಗಲೇ ತಿಳಿಸಿದರೆ ಹುರಿದ ಅಣಬೆ, ಟೊಮ್ಯಾಟೊ, ಬೀನ್ಸು, ಟೋಸ್ಟು ಸಿಗುತ್ತೆ. ಜೊತೆಗೆ ಮನೆಯಲ್ಲೇ ಮಾಡಿದ ಮಾರ್ಮಲೇಡ್. ಜನವರಿ, ಫೆಬ್ರವರಿಯಲ್ಲಿ ಮಾತ್ರ ಅಂಗಡಿಗೆ ಬರುವ ಕಹಿ ಸೆವಿಲ್ ಕಿತ್ತಳೆಯಿಂದ ಮಾಡಿದ್ದು. ಅಮ್ಮ ಒಂದು ಚಮಚ ನಾಲಿಗೆಗೆ ಹಚ್ಚಿ, "ಇದು ನಮ್ಮ ಹೇರಳೆಕಾಯಿಗೆ ಯಾರೋ ಬೆಲ್ಲ ಸುರಿದ ಹಾಗಿದೆ" ಅಂದರು. ಎರಡನೇ ದಿನ ಟೋಸ್ಟಿಗೆ ದಪ್ಪವಾಗಿ ಹಚ್ಚಿಕೊಂಡರು.

ನಾವು ಮೊದಲು ಹೋಗಿದ್ದು ಮೇ ಮೊದಲ ವಾರ. ಇಂಗ್ಲೆಂಡಿನ ತೋಟಕ್ಕೆ ಅದು ಪರೀಕ್ಷೆಯ ಹಿಂದಿನ ದಿನ ಇದ್ದ ಹಾಗೆ. ಸೇಬಿನ ಮರದಲ್ಲಿ ಹೂ, ಕಾಡಿನ ನೆಲದ ತುಂಬ ಬ್ಲೂಬೆಲ್. ಅದು ದೂರದಿಂದ ಹೂವಿನ ಹಾಗೆ ಕಾಣಲ್ಲ, ಮರಗಳ ಬುಡದಲ್ಲಿ ನೀಲಿ ಹೊಗೆ ನಿಂತ ಹಾಗೆ ಕಾಣುತ್ತೆ. ಆದರೆ ಮಂಜು ಬೀಳುವ ಭಯ ಇನ್ನೂ ಹೋಗಿರಲ್ಲ. ಟೊಮ್ಯಾಟೊ ಸಸಿ, ಡೇಲಿಯಾ ಗಡ್ಡೆ ಎಲ್ಲ ಗಾಜಿನ ಮನೆಯೊಳಗೆ ಕುಂಡದಲ್ಲಿ ಸಾಲಾಗಿ ಕಾಯ್ತಿರುತ್ತವೆ. ಹಗಲು ಹೊರಗೆ, ರಾತ್ರಿ ಒಳಗೆ. ಶಾಲೆಗೆ ಮಕ್ಕಳನ್ನು ಕಳಿಸಿ ಕರೆದುಕೊಂಡು ಬಂದ ಹಾಗೆ ಎಪ್ಪತ್ತಾರರ ಮನೆಯೊಡತಿ ಆ ತಟ್ಟೆಗಳನ್ನು ಎತ್ತಿ ಇಳಿಸುತ್ತಿದ್ದರು.

ಮೊದಲ ಸಂಜೆಯೇ ಅಮ್ಮ ಎದ್ದುಹೋಗಿ ಒಂದು ತಟ್ಟೆ ಎತ್ತಿಕೊಂಡರು. ನನಗೆ ಸಂಕೋಚವಾಯಿತು, ಅವರು ಏನಂದುಕೊಳ್ತಾರೋ ಅಂತ. ಮನೆಯೊಡತಿ ಏನೂ ಅನ್ನಲಿಲ್ಲ. ಮಾರನೇ ಬೆಳಗ್ಗೆ ತಿಂಡಿ ಮುಗಿದ ಮೇಲೆ ಅಮ್ಮನ ಕೈಗೆ ಒಂದು ಜೊತೆ ಕೈಚೀಲ, ಒಂದು ಸಣ್ಣ ಕಳೆಗುದ್ದಲಿ ಕೊಟ್ಟರು. ಅಮ್ಮ ಕೈಚೀಲ ವಾಪಸ್ ಕೊಟ್ಟು ಗುದ್ದಲಿ ಇಟ್ಟುಕೊಂಡರು.

ನಮ್ಮಲ್ಲಿ ಅತಿಥಿಗೆ ಕೆಲಸ ಹೇಳುವುದು ಅಂದರೆ ಅವಮಾನ. ಕೂರಿಸಿ, ತಿನ್ನಿಸಿ, ಮತ್ತೆ ಕೂರಿಸಿ ಸುಸ್ತು ಮಾಡ್ತೀವಿ. ನಾನೂ ಲಂಡನ್ನಿನಲ್ಲಿ ಅಮ್ಮನಿಗೆ ಅದನ್ನೇ ಮಾಡುತ್ತಿದ್ದೆ, "ನೀನು ರೆಸ್ಟ್ ತಗೋ" ಅಂತ. ಐವತ್ತು ವರ್ಷ ಮಣ್ಣಿನಲ್ಲಿ ಕೈಯಾಡಿಸಿದವರಿಗೆ ರೆಸ್ಟ್ ಒಂದು ಥರ ಶಿಕ್ಷೆಯೇ ಇರಬೇಕು. ಆ ದಿನ ನಾವು ನೋಡಬೇಕಾಗಿದ್ದ ಬೋಡಿಯಂ ಕೋಟೆ ಮಧ್ಯಾಹ್ನಕ್ಕೆ ಹೋಯಿತು.

ಬೋಡಿಯಂ ಬಗ್ಗೆ ಹೇಳಲೇಬೇಕು. 1385ರಲ್ಲಿ ಕಟ್ಟಲು ಶುರು ಮಾಡಿದ ಕೋಟೆ. ಸುತ್ತ ಅಗಲವಾದ ನೀರಿನ ಕಂದಕ, ಚಿತ್ರಪುಸ್ತಕದಿಂದ ಎತ್ತಿ ಇಟ್ಟಂತಿದೆ. ಹೊರಗೆ ಪೂರ್ತಿ, ಒಳಗೆ ಪಾಳು. ಇದನ್ನು 1917ರಲ್ಲಿ ಕೊಂಡು, ರಿಪೇರಿ ಮಾಡಿಸಿ, 1925ರಲ್ಲಿ ಸಾಯುವಾಗ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದವರು ಯಾರು ಗೊತ್ತಾ? ಬಂಗಾಳ ಒಡೆದ ಲಾರ್ಡ್ ಕರ್ಜನ್. ಹೈಸ್ಕೂಲಿನಲ್ಲಿ ಬೈದುಕೊಂಡು ಓದಿದ್ದ ಹೆಸರು ಇಲ್ಲಿ ಬಾತುಕೋಳಿ ಈಜುವ ಕಂದಕದ ಪಕ್ಕ ಸಿಗುತ್ತೆ ಅಂದುಕೊಂಡಿರಲಿಲ್ಲ. ಟೆಂಟರ್ಡನ್ ಊರಿನಿಂದ ಕೋಟೆ ಹತ್ತಿರದವರೆಗೆ ಉಗಿಬಂಡಿಯೂ ಇದೆ. ಮುಚ್ಚಿಹೋಗಿದ್ದ ಮಾರ್ಗವನ್ನು ಸ್ವಯಂಸೇವಕರು 1974ರಿಂದ ತುಂಡುತುಂಡಾಗಿ ತೆರೆಯುತ್ತಾ 2000ರಲ್ಲಿ ಬೋಡಿಯಂ ಮುಟ್ಟಿಸಿದರು. ಮಕ್ಕಳಿದ್ದರೆ ತಪ್ಪಿಸಬೇಡಿ.

ಸಿಸಿಂಗ್‌ಹರ್ಸ್ಟ್ ತೋಟಕ್ಕೂ ಹೋದೆವು. ವೀಟಾ ಸ್ಯಾಕ್‌ವಿಲ್-ವೆಸ್ಟ್ ಎಂಬ ಲೇಖಕಿ ಮತ್ತು ಗಂಡ ಹೆರಾಲ್ಡ್ ನಿಕೋಲ್ಸನ್ 1930ರಲ್ಲಿ ಪಾಳು ಕಟ್ಟಡಗಳ ಸಮೇತ ಕೊಂಡು ಮಾಡಿದ್ದು. ಬರೀ ಬಿಳಿ ಹೂಗಳ ಭಾಗ ಜಗತ್ಪ್ರಸಿದ್ಧ. ಚೆನ್ನಾಗಿದೆ, ಆದರೆ ಜನ ಜಾಸ್ತಿ. ಅಮ್ಮನಿಗೆ ಆ ಬಿಳಿಯ ಮೋಹ ಅರ್ಥವಾಗಲಿಲ್ಲ. "ಒಂದು ಕನಕಾಂಬರ ಇಟ್ಟಿದ್ರೆ ಎಷ್ಟು ಚೆಂದ ಇರ್ತಿತ್ತು" ಅಂದರು.

ಎರಡನೇ ಸಲ ಹೋಗಿದ್ದು ಜೂನ್ ಕೊನೆಗೆ. ಆಗ ಇಲ್ಲಿ ರಾತ್ರಿ ಒಂಬತ್ತೂ ಕಾಲರ ಮೇಲೆ ಸೂರ್ಯ ಮುಳುಗುತ್ತಾನೆ, ಹತ್ತರವರೆಗೂ ಬೆಳಕು. ಗುಲಾಬಿ, ಫಾಕ್ಸ್‌ಗ್ಲೋವ್, ಸ್ವೀಟ್ ಪೀ. ಸ್ವೀಟ್ ಪೀ ಹೂವನ್ನು ಕಿತ್ತಷ್ಟೂ ಬಿಡುತ್ತೆ, ಕೀಳದೆ ಬೀಜ ಕಟ್ಟಲು ಬಿಟ್ಟರೆ ಹೂ ನಿಂತುಹೋಗುತ್ತೆ. ಅದಕ್ಕೇ ದಿನವೂ ಪ್ರತಿ ಕೋಣೆಗೂ ಒಂದು ಲೋಟದ ತುಂಬ ಹೂ. ಸಂಜೆ ಟಾರ್ಚು ಹಿಡಿದು ಬಸವನಹುಳುವಿನ ಬೇಟೆ. ಚಿಪ್ಪಿಲ್ಲದ ಸ್ಲಗ್ ಎಂಬ ಜಾತಿಯೊಂದಿದೆ, ಒಂದೇ ರಾತ್ರಿಯಲ್ಲಿ ಡೇಲಿಯಾ ಚಿಗುರನ್ನು ಬುಡದವರೆಗೆ ಬೋಳಿಸುತ್ತೆ. ಇಂಗ್ಲಿಷರು ರಾಜಕೀಯದ ಬಗ್ಗೆ ಇಷ್ಟು ಕೋಪದಲ್ಲಿ ಮಾತಾಡಿದ್ದನ್ನು ನಾನು ಕಂಡಿಲ್ಲ.

ಆ ವಾರಾಂತ್ಯ ಮನೆಯೊಡತಿಯ ತೋಟ ಸಾರ್ವಜನಿಕರಿಗೆ ತೆರೆಯುವ ದಿನ. ನ್ಯಾಷನಲ್ ಗಾರ್ಡನ್ ಸ್ಕೀಮ್ ಅಂತ ಒಂದು ಒಳ್ಳೇ ಏರ್ಪಾಟು ಇಲ್ಲಿದೆ. 1927ರಲ್ಲಿ ನರ್ಸುಗಳ ಸೇವಾಸಂಸ್ಥೆಗೆ ಹಣ ಕೂಡಿಸೋದಕ್ಕೆ 609 ಖಾಸಗಿ ತೋಟಗಳು ತಲೆಗೆ ಒಂದು ಶಿಲಿಂಗ್ ಪಡೆದು ಬಾಗಿಲು ತೆರೆದವು. ಅದು ಇವತ್ತಿಗೂ ನಡೆದುಕೊಂಡು ಬಂದಿದೆ. ಟಿಕೆಟ್ಟು, ಟೀ, ಕೇಕು, ಸಸಿ ಮಾರಾಟದ ದುಡ್ಡು ಶುಶ್ರೂಷೆಯ ಕೆಲಸಗಳಿಗೆ ಹೋಗುತ್ತೆ. ಅಮ್ಮ ಸಸಿ ಮಾರುವ ಮೇಜಿನ ಹಿಂದೆ ಕೂತರು. ಇಂಗ್ಲಿಷ್ ಬರಲ್ಲ, ಆದರೆ ಬೆರಳು ತೋರಿಸಿ ಬೆಲೆ ಹೇಳೋದಕ್ಕೆ ಭಾಷೆ ಯಾಕೆ? ಕೊತ್ತಂಬರಿ ಸಸಿಗಳನ್ನು ಕುಂಡದಲ್ಲಿಟ್ಟು ಒಂದೊಂದಾಗಿ ಮಾರುವುದು ಮಾತ್ರ ಅವರಿಗೆ ಕೊನೆವರೆಗೂ ನಗು ತರಿಸಿತು. "ಒಂದು ಕಂತೆ ಕೊಸರಿಗೆ ಕೊಡೋ ಸೊಪ್ಪಪ್ಪಾ ಇದು!"

ಆ ಖುಷಿಯ ಹಿಂದೆ ಒಂದು ಚಿಂತೆಯೂ ಇತ್ತು. ತೋಟದ ನಡುವೆ ಮೊಣಕಾಲೆತ್ತರದ ಬಾಕ್ಸ್ ಗಿಡದ ಬೇಲಿ. ಒತ್ತಾಗಿ, ಚೌಕಾಕಾರವಾಗಿ ಕತ್ತರಿಸಿ ಬೆಳೆಸಿದ್ದು. ಮೂವತ್ತು ವರ್ಷದ ಹಿಂದೆ ಅವರ ಯಜಮಾನರು ದಾರ ಕಟ್ಟಿ, ಅಳೆದು, ಒಂದೊಂದೇ ಕಡ್ಡಿ ನೆಟ್ಟಿದ್ದಂತೆ. ಅವರು ತೀರಿಕೊಂಡು ನಾಲ್ಕು ವರ್ಷ. ಆ ಬೇಲಿಗೆ ಈಗ ಹುಳು ಬಿದ್ದಿತ್ತು. ಪೂರ್ವ ಏಷ್ಯಾದಿಂದ ಯೂರೋಪಿಗೆ ಬಂದು ಸೇರಿದ ಬಾಕ್ಸ್ ಪತಂಗದ ಮರಿ, ಹಸಿರು ಮೈ, ಕಪ್ಪು ಪಟ್ಟೆ. ಎಲೆಗಳ ನಡುವೆ ಜೇಡನ ಬಲೆಯಂಥದ್ದು ನೇಯ್ದು ಒಳಗೊಳಗೇ ತಿಂದುಹಾಕುತ್ತೆ. ಹೊರಗಿನಿಂದ ಗೊತ್ತಾಗುವ ಹೊತ್ತಿಗೆ ಒಳಗೆ ಬರೀ ಕಡ್ಡಿ. ಇಂಗ್ಲೆಂಡಿನ ಎಷ್ಟೋ ಹಳೇ ತೋಟಗಳು ಇದರ ಕಾಟಕ್ಕೆ ಬಾಕ್ಸ್ ಬೇಲಿಯನ್ನೇ ತೆಗೆಸಿವೆ.

ಔಷಧಿ ಹೊಡೆಯಲು ಅವರಿಗೆ ಇಷ್ಟವಿಲ್ಲ, ಜೇನ್ನೊಣ ಸಾಯುತ್ತೆ ಅಂತ. ಉಳಿದದ್ದು ಕೈಯಲ್ಲಿ ಆರಿಸೋದು. ಜನ ಎಲ್ಲ ಹೋದ ಮೇಲೆ ಆ ಉದ್ದನೆ ಸಂಜೆ ಇಬ್ಬರೂ ಹೆಂಗಸರು ಬೇಲಿಯ ಆಚೆಗೊಬ್ಬರು ಈಚೆಗೊಬ್ಬರು ಸಣ್ಣ ಮಣೆಯಂಥದ್ದರ ಮೇಲೆ ಕೂತು, ಬಕೆಟ್ಟು ಇಟ್ಟುಕೊಂಡು, ಹುಳು ಆರಿಸಿದರು. ಒಬ್ಬರು ಇಂಗ್ಲಿಷಿನಲ್ಲಿ ಗೊಣಗುತ್ತಾರೆ, ಒಬ್ಬರು ಕನ್ನಡದಲ್ಲಿ. ನಾನು ಅನುವಾದ ಮಾಡಲು ಹೋದರೆ ಅಮ್ಮ, "ನಿನ್ನ ಕೆಲಸ ನೋಡ್ಕೊ ಹೋಗು" ಅಂದರು. ತೆಂಗಿಗೆ ನುಸಿರೋಗ ಬಂದಾಗ ಅಪ್ಪ ಪಟ್ಟ ಪಾಡನ್ನು ಅಮ್ಮ ಆಗ ಆಕೆಗೆ ಹೇಳುತ್ತಿದ್ದರು ಅನ್ನೋದು ಕಿವಿಗೆ ಬಿತ್ತು. ಅಪ್ಪನ ಬಗ್ಗೆ ನನ್ನ ಹತ್ತಿರ ಅಷ್ಟು ಹೊತ್ತು ಮಾತಾಡಿರಲಿಲ್ಲ.

ಮಾರನೇ ದಿನ ಗ್ರೇಟ್ ಡಿಕ್ಸ್‌ಟರ್ ತೋಟಕ್ಕೆ ಮನೆಯೊಡತಿಯೇ ಕಾರಿನಲ್ಲಿ ಕರೆದುಕೊಂಡು ಹೋದರು. ಈ ಭಾಗದಲ್ಲಿ ಒಂದೇ ತೋಟ ನೋಡೋದಾದರೆ ಇದನ್ನು ನೋಡಿ ಅಂತೀನಿ. ಹದಿನೈದನೇ ಶತಮಾನದ ಮರದ ಮನೆ. 1910ರಿಂದ ಅದನ್ನು ವಿಸ್ತರಿಸಿಕೊಟ್ಟವರು ಎಡ್ವಿನ್ ಲಟ್ಯೆನ್ಸ್, ಮುಂದೆ ದಿಲ್ಲಿಯಲ್ಲಿ ಈಗಿನ ರಾಷ್ಟ್ರಪತಿ ಭವನ ಕಟ್ಟಿದವರು. ಆ ಮನೆಯಲ್ಲೇ ಹುಟ್ಟಿ ಬೆಳೆದ ಕ್ರಿಸ್ಟೊಫರ್ ಲಾಯ್ಡ್ ತೋಟವನ್ನೇ ಜೀವನ ಮಾಡಿಕೊಂಡು 2006ರಲ್ಲಿ ತೀರಿಕೊಂಡರು. ಬಾಗಿಲ ಮುಂದೆ ಕತ್ತರಿಸಿದ ಹುಲ್ಲುಹಾಸು ಇಲ್ಲ. ಎದೆಮಟ್ಟದ ಹುಲ್ಲು, ಅದರ ನಡುವೆ ಕಾಡು ಆರ್ಕಿಡ್. ಬೀಜ ಉದುರಿದ ಮೇಲೆ ಬೇಸಿಗೆಯ ಕೊನೆಗಷ್ಟೇ ಕೊಯ್ಯುತ್ತಾರೆ.

ಅಲ್ಲಿ ಲಟ್ಯೆನ್ಸ್ ವಿನ್ಯಾಸದ ಗುಲಾಬಿ ತೋಟವೊಂದಿತ್ತು. ಗುಲಾಬಿಗಳು ಸೊರಗತೊಡಗಿದಾಗ ಲಾಯ್ಡ್ 1990ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವನ್ನೆಲ್ಲ ಕೀಳಿಸಿ ಬಾಳೆ, ಕ್ಯಾನಾ, ಡೇಲಿಯಾ ಹಾಕಿಸಿದರು. ಗುಲಾಬಿ ಕಿತ್ತು ಬಾಳೆ ನೆಡೋದು ಅಂದರೆ ಈ ದೇಶದಲ್ಲಿ ದೇವರ ಮನೆಯಲ್ಲಿ ಚಪ್ಪಲಿ ಇಟ್ಟ ಹಾಗೆ. ಮನೆಯೊಡತಿ ಆ ಬಾಳೆಯ ಗುಂಪಿನ ಮುಂದೆ ತುಂಬ ಹೊತ್ತು ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮವರಿಗೆ ಇದು ಕಂಡರೆ ಆಗುತ್ತಿರಲಿಲ್ಲ. ನನಗೆ ಮೊದಲಿಂದಲೂ ಇಷ್ಟ" ಅಂದರು, ಅಷ್ಟೆ.

ಅವರ ಮನೆಯಲ್ಲೂ ಒಂದು ಬಾಳೆ ಇದೆ, ಗೋಡೆ ಮೂಲೆಯಲ್ಲಿ. ಚಳಿ ತಡೆಯುವ ಜಪಾನಿ ಬಾಳೆ, ತಿನ್ನುವಂಥ ಹಣ್ಣು ಕೊಡಲ್ಲ. ನವೆಂಬರಿನಲ್ಲಿ ಎಲೆ ಕತ್ತರಿಸಿ, ದಿಂಡಿನ ಸುತ್ತ ಒಣಗಿದ ಜರಿಗಿಡದ ಸೊಪ್ಪು ತುಂಬಿ ಕಟ್ಟುತ್ತಾರೆ. ಡಿಕ್ಸ್‌ಟರ್‌ನಲ್ಲೂ ಹೀಗೇ ಮಾಡುತ್ತಾರಂತೆ. ಬಾಳೆಗಿಡಕ್ಕೆ ಕಂಬಳಿ ಹೊದಿಸೋದನ್ನು ಕೇಳಿ ಅಮ್ಮ ಬಿದ್ದೂ ಬಿದ್ದೂ ನಕ್ಕರು. ಹಣ್ಣಿಲ್ಲದಿದ್ದರೆ ಏನು, ಎಲೆ ಇದೆಯಲ್ಲ ಅನ್ನೋದು ಅವರ ಲೆಕ್ಕ.

ಆ ಲೆಕ್ಕ ತೀರಿದ್ದು ಸೆಪ್ಟೆಂಬರ್ ಕೊನೆಗೆ, ಮೂರನೇ ಸಲ ಹೋದಾಗ. ಸೆಪ್ಟೆಂಬರ್ ಅಂದರೆ ಕೆಂಟ್‌ನಲ್ಲಿ ಸುಗ್ಗಿ. ಹಿಂದೆ ಬಿಯರಿಗೆ ಹಾಕುವ ಹಾಪ್ ಬಿಡಿಸಲು ಲಂಡನ್ನಿನ ಪೂರ್ವಭಾಗದ ಬಡ ಕುಟುಂಬಗಳು ಮಕ್ಕಳು ಮರಿ ಸಮೇತ ಬಂದು ವಾರಗಟ್ಟಲೆ ಇರುತ್ತಿದ್ದವು. ಅವರಿಗೆ ಅದೇ ರಜಾ ಪ್ರವಾಸ. ಹಾಪ್ ಒಣಗಿಸುತ್ತಿದ್ದ ದುಂಡನೆಯ ಗೂಡುಗಳು, ನೆತ್ತಿಯ ಮೇಲೆ ಬಿಳೀ ಟೊಪ್ಪಿ, ಈಗ ಶ್ರೀಮಂತರ ಮನೆಗಳಾಗಿವೆ. ರಸ್ತೆ ಬದಿಯಲ್ಲಿ ಸೇಬು, ಸೀಮೆಗುಂಬಳದಂಥ ಕಾಯಿ, ಮೊಟ್ಟೆ ಇಟ್ಟು ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ, ಕಾಯೋರು ಯಾರೂ ಇರಲ್ಲ. ಫ್ಯಾವರ್‌ಶಮ್ ಹತ್ತಿರದ ಬ್ರಾಗ್ಡೇಲ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಗೆಯ ಸೇಬಿನ ಮರಗಳ ರಾಷ್ಟ್ರೀಯ ಸಂಗ್ರಹವಿದೆ. ಸೇಬು ಅಂದರೆ ಶಿಮ್ಲಾ ಅಥವಾ ವಾಷಿಂಗ್ಟನ್ ಅಂತ ಎರಡೇ ಗೊತ್ತಿದ್ದ ನನಗೆ ಅದೊಂದು ಪಾಠ.

ಮನೆಯೊಡತಿಯ ತೋಟದಲ್ಲಿ ಇರೋದು ಬ್ರಾಮ್ಲಿ. ಮುಷ್ಟಿಗಿಂತ ದೊಡ್ಡದು, ಹಸಿರು, ಹುಳಿ ಅಂದರೆ ಹುಳಿ. ಇಲ್ಲಿನವರು ಸಕ್ಕರೆ ಸುರಿದು ಬೇಯಿಸುತ್ತಾರೆ. ಅಮ್ಮ ಒಂದು ಹೋಳು ಕಚ್ಚಿ, "ಅಯ್ಯೋ, ಇದು ಮಾವಿನಕಾಯಿ ಕಣೋ" ಅಂದವರೇ ಅಡುಗೆಮನೆಗೆ ನುಗ್ಗಿದರು. ತುರಿದು, ಸಾಸಿವೆ, ಇಂಗು, ಮೆಣಸಿನಕಾಯಿ ಒಗ್ಗರಣೆ ಹಾಕಿ ಚಿತ್ರಾನ್ನ. ಗಾಳಿಗೆ ಹರಿಯದೆ ಉಳಿದಿದ್ದ ಮೂರು ಬಾಳೆ ಎಲೆ ಕೊಯ್ದು ತೊಳೆದು ತೋಟದ ಮೇಜಿನ ಮೇಲೆ ಹಾಸಿದರು. ಮನೆಯೊಡತಿ ಕೈಯಲ್ಲೇ ತಿಂದರು. ಬ್ರಾಮ್ಲಿ ಸಿಕ್ಕರೆ ನೀವೂ ಮಾಡಿ, ತುರಿದ ತಕ್ಷಣ ಒಗ್ಗರಣೆಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತೆ.

ಅದೇ ದಿನ ಒಂದು ತಮಾಷೆ. ಹೊಳೆದಂಡೆಯ ಕಾಲುದಾರಿಯಲ್ಲಿ ಅಮ್ಮನಿಗೆ ಆಳೆತ್ತರದ ಗುಲಾಬಿ ಬಣ್ಣದ ಹೂ ಕಂಡಿತು. ನಮ್ಮ ಕರ್ಣಕುಂಡಲದ ದಾಯಾದಿ. ಕಾಯಿ ಮುಟ್ಟಿದರೆ ಪಟ್ ಅಂತ ಸಿಡಿಯುತ್ತೆ. ಅಮ್ಮ ಚಿಕ್ಕ ಹುಡುಗಿ ಹಾಗೆ ಒಂದೊಂದಾಗಿ ಸಿಡಿಸುತ್ತಿದ್ದರೆ ಮನೆಯೊಡತಿ ಕೂಗಿಕೊಂಡು ಬಂದರು. 1839ರಲ್ಲಿ ಹಿಮಾಲಯದಿಂದ ಅಂದದ ಗಿಡವೆಂದು ತಂದದ್ದು ಈಗ ಇಂಗ್ಲೆಂಡಿನ ಹೊಳೆಗಳ ದಂಡೆಯನ್ನೆಲ್ಲ ನುಂಗುತ್ತಿದೆಯಂತೆ. ಆಮೇಲೆ ಇಬ್ಬರೂ ಸೇರಿ ಅಲ್ಲಿದ್ದ ಗಿಡಗಳನ್ನು ಬೇರುಸಮೇತ ಕಿತ್ತರು. (ಇದನ್ನು ಕೇಳಿದ ಮೇಲೆ ಊರಿನಿಂದ ಅವರೆ ಬೀಜ ತರಿಸುವ ಅಮ್ಮನ ಯೋಜನೆಗೆ ನಾನು ಸುಲಭವಾಗಿ ಕಲ್ಲು ಹಾಕಿದೆ. ಬಿತ್ತನೆ ಬೀಜಕ್ಕೆ ಸಾಮಾನ್ಯವಾಗಿ ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಸೂಟ್‌ಕೇಸಿನಲ್ಲಿ ಸುಮ್ಮನೆ ತರುವ ಹಾಗಿಲ್ಲ.)

ಕೊನೆಯ ಮಧ್ಯಾಹ್ನ ಡಂಜೆನೆಸ್‌ಗೆ ಹೋದೆವು. ಅದನ್ನು ಊರು ಅನ್ನೋದೋ, ಏನನ್ನೋದೋ. ಕಣ್ಣು ಹಾಯುವವರೆಗೆ ಬರೀ ಉರುಟು ಬೆಣಚುಕಲ್ಲು, ಸಮುದ್ರ, ವಿದ್ಯುತ್ ಉತ್ಪಾದನೆ ನಿಂತುಹೋದ ಅಣುಸ್ಥಾವರದ ಬೃಹತ್ ಡಬ್ಬಗಳು. ಅದರೆದುರು ಹಳದಿ ಕಿಟಕಿಯ ಒಂದು ಕಪ್ಪು ಮರದ ಮನೆ, ಪ್ರಾಸ್ಪೆಕ್ಟ್ ಕಾಟೇಜ್. ಚಿತ್ರನಿರ್ದೇಶಕ ಡೆರೆಕ್ ಜಾರ್ಮನ್ 1980ರ ದಶಕದಲ್ಲಿ ಇದನ್ನು ಕೊಂಡು, ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಾ, ಆ ಕಲ್ಲಿನಲ್ಲೇ ತೋಟ ಮಾಡಿದರು. ಮಣ್ಣಿಲ್ಲ, ಉಪ್ಪುಗಾಳಿ. ದಡಕ್ಕೆ ಬಂದುಬಿದ್ದ ಮರದ ತುಂಡು, ತುಕ್ಕು ಹಿಡಿದ ಕಬ್ಬಿಣ, ಅವುಗಳ ನಡುವೆ ಕಡಲ ಕೋಸು, ಲ್ಯಾವೆಂಡರ್, ಗಸಗಸೆ. 1994ರಲ್ಲಿ ಅವರು ತೀರಿಕೊಂಡರು. 2020ರಲ್ಲಿ ಜನರೇ ಸೇರಿ 35 ಲಕ್ಷ ಪೌಂಡ್ ಕೂಡಿಸಿ ಮನೆಯನ್ನು ಉಳಿಸಿಕೊಂಡರು. ತೋಟಕ್ಕೆ ಬೇಲಿಯೇ ಇಲ್ಲ, ಎಲ್ಲಿ ಮುಗಿಯುತ್ತೆ ಅಂತ ಗೊತ್ತಾಗಲ್ಲ. ಒಳಗೆ ಹೋಗಲು ಮೊದಲೇ ಬುಕ್ ಮಾಡಬೇಕು, ರಸ್ತೆಯಿಂದ ನೋಡಬಹುದು.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಬೇಲಿ ಇಲ್ದೆ ದನ ಮೇಯಲ್ವಾ?" ನಾನು ಅದನ್ನು ಮನೆಯೊಡತಿಗೆ ಹೇಳಿದೆ. ಅವರು ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಕಾರಿನಲ್ಲಿ ವಾಪಸ್ ಬರುವಾಗ, ಬಾಕ್ಸ್ ಬೇಲಿಯ ದಕ್ಷಿಣದ ಸಾಲು ಪೂರ್ತಿ ಸತ್ತಿದೆ, ತೆಗೆಸುತ್ತೇನೆ ಅಂದರು. ಉತ್ತರದ್ದು ಇರುವಷ್ಟು ದಿನ ಇರಲಿ.

ತೆಗೆಯುವ ಕೆಲಸಕ್ಕೆ ಹಳ್ಳಿಯ ಹುಡುಗನೊಬ್ಬ ಮಾರನೇ ಬೆಳಗ್ಗೆ ಬಂದ. ಬೇರು ಕಿತ್ತ ಜಾಗದಲ್ಲಿ ಹನ್ನೆರಡು ಹೆಜ್ಜೆ ಉದ್ದದ ಖಾಲಿ ಮಣ್ಣು. ಈಗ ಏನು ಹಾಕೋದು ಅಂತ ಅವರು ನಿಂತಾಗ ಅಮ್ಮ ಕೈಸನ್ನೆ ಮಾಡಿ ಅಡುಗೆಮನೆಯಿಂದ ಬೆಳ್ಳುಳ್ಳಿ ಗಡ್ಡೆ ತಂದು ತೋರಿಸಿದರು. ಇಲ್ಲಿ ಬೆಳ್ಳುಳ್ಳಿ ಹಾಕೋದೇ ಶರತ್ಕಾಲದಲ್ಲಿ, ಚಳಿ ತಿಂದರೇನೇ ಎಸಳು ಕಟ್ಟುತ್ತೆ. ನಾಟಿಗೆಂದೇ ಮಾರುವ ಗಡ್ಡೆ ತಂದು, ಯಜಮಾನರ ಹಳೇ ದಾರವನ್ನು ಅದೇ ಸಾಲಿಗೆ ಕಟ್ಟಿ, ಒಂದು ಗೇಣಿಗೆ ಒಂದರಂತೆ ಇಬ್ಬರೂ ಎಸಳು ಊರಿದರು. ಅಕ್ಟೋಬರ್ ಎರಡನೇ ವಾರ ಅಮ್ಮ ಊರಿಗೆ ಹೊರಟರು.

ಫೆಬ್ರವರಿಯಲ್ಲಿ ನಾನೊಬ್ಬನೇ ಹೋಗಿದ್ದೆ. ಚಳಿಗಾಲದಲ್ಲಿ ಕೋಣೆ ಸುಲಭವಾಗಿ ಸಿಗುತ್ತೆ, ಬಾಡಿಗೆಯೂ ಕಮ್ಮಿ. ಆದರೆ ಐದು, ಐದೂವರೆಗೆಲ್ಲ ಕತ್ತಲು, ದೊಡ್ಡ ತೋಟಗಳಲ್ಲಿ ಎಷ್ಟೋ ಮುಚ್ಚಿರುತ್ತವೆ, ಮೊದಲೇ ವಿಚಾರಿಸಿಕೊಳ್ಳಿ. ಕೆಸರಿಗೆ ಒಳ್ಳೇ ಬೂಟು ಬೇಕು. ಹೊಲದ ನಡುವೆ ಹಳದಿ ಬಾಣದ ಗುರುತಿರುವ ಕಾಲುದಾರಿಗಳಲ್ಲಿ ಯಾರು ಬೇಕಾದರೂ ನಡೆಯಬಹುದು, ಅದು ಇಲ್ಲಿನ ಕಾನೂನು. ಗೇಟು ಮಾತ್ರ ಮುಚ್ಚಿಕೊಂಡು ಹೋಗಿ, ಮರಿ ಹಾಕುವ ಕುರಿಗಳಿರುತ್ತವೆ. ಮರದ ಬುಡದಲ್ಲಿ ಸ್ನೋಡ್ರಾಪ್ ಬಿಳಿ ತಲೆ ಬಗ್ಗಿಸಿ ನಿಂತಿದ್ದವು. ಬಾಳೆ ತನ್ನ ಜರಿಸೊಪ್ಪಿನ ಕಂಬಳಿಯಲ್ಲಿತ್ತು. ಬೆಳ್ಳುಳ್ಳಿ ನಾಲ್ಕು ಬೆರಳು ಎತ್ತರ ಬಂದಿತ್ತು, ದಾರ ಹಿಡಿದ ಹಾಗೆ ನೆಟ್ಟಗೆ. ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. "ಕೊನೇ ಕಡೆ ಎರಡು ಎಸಳು ಹುಟ್ಟಿಲ್ಲ, ಕೆದಕಿ ನೋಡೋದಕ್ಕೆ ಹೇಳು" ಅಂದರು ಅಮ್ಮ. ಮನೆಯೊಡತಿ ಆಗಲೇ ಮಂಡಿಯೂರಿ ಕೆದಕುತ್ತಿದ್ದರು. ಕೀಳೋದು ಜುಲೈನಲ್ಲಂತೆ.